ಸೆರಗಿನ ಮೇಲೆ ಜೈಲಿನ ಮುದ್ರೆ

ಮಗ್ಗದ ಜಕಾರ್ಡ್ ಪೆಟ್ಟಿಗೆ ಮಾರಿಸಿಕೊಡಿ ಎಂದು ಆ ಹೆಣ್ಣುಮಗಳು ನಮ್ಮ ನೇಕಾರರ ಸಂಘದ ಕಚೇರಿಗೆ ಬಂದ ದಿನ ನನ್ನ ತಲೆ ಮೊದಲೇ ಕೆಟ್ಟು ಕೂತಿತ್ತು. ಬೈಲಹೊಂಗಲದ ಸೀರೆ ವ್ಯಾಪಾರಿಯೊಬ್ಬರು ಮದುವೆ ಹಂಗಾಮಿಗೆ ಹೊಸ ನಮೂನೆಯ ಸೆರಗು ಬೇಕೆಂದು ಪಟ್ಟು ಹಿಡಿದಿದ್ದರು. ಹಳೆಯ ನವಿಲನ್ನೇ ತಂದರೆ ನವಿಲಿನ ಸಮೇತ ನಿಮ್ಮನ್ನೂ ವಾಪಸ್ ಕಳಿಸುತ್ತೇನೆ ಎಂದು ಹೇಳಿಕಳಿಸಿದ್ದರು. ನಮ್ಮ ಸಂಘಕ್ಕೆ ಸೆರಗಿನ ನಕ್ಷೆ ಬರೆಯುತ್ತಿದ್ದವರು ಒಬ್ಬರೇ, ಎಲ್ಲರೂ ಚಾಚಾ ಎಂದು ಕರೆಯುವ ಹಿರಿಯರು. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ನಕ್ಷೆಯ ಹಾಳೆಯ ಚೌಕಗಳೆಲ್ಲ ಇರುವೆ ಹರಿದಾಡಿದ ಹಾಗೆ ಕಾಣುತ್ತವೆ ಎನ್ನುತ್ತಿದ್ದರು. ಸಂಘದ ಕಾರ್ಯದರ್ಶಿ ನಾನು. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಇಡೀ ರಾಮದುರ್ಗಕ್ಕೆ ಗೊತ್ತು.

"ಈಗ್ಯಾರ ತಗೋತಾರವಾ ಹಳೇ ಜಕಾರ್ಡ? ಗುಜರಿಯವ್ರಿಗೆ ಹಾಕ ಹೋಗ" ಎಂದುಬಿಟ್ಟೆ.

ಅವಳು ಅಳಲಿಲ್ಲ. ಸುಮ್ಮನೆ ಕುಕ್ಕರಗಾಲಿನಲ್ಲಿ ಕೂತಳು. ಅವಳ ಗಂಡ ನಮ್ಮ ಸಂಘದ ಒಳ್ಳೆಯ ನೇಕಾರ. ನಡುಗೋಡೆಯ ಜಗಳದಲ್ಲಿ ದಾಯಾದಿಯ ತಲೆಗೆ ಕಟ್ಟಿಗೆಯಿಂದ ಹೊಡೆದ, ಅವನು ಸತ್ತ, ಇವನಿಗೆ ಜೀವಾವಧಿಯಾಯಿತು. ಜಿಲ್ಲೆಯ ದೊಡ್ಡ ಜೈಲಿಗೆ ಹೋಗಿ ಆಗ ಎರಡನೆಯ ವರ್ಷ. ಮನೆಯಲ್ಲಿ ಮಗ್ಗ ನಿಂತಿತ್ತು. ಅವರ ಮನೆತನದಲ್ಲಿ ಗಂಡಸರು ಮಗ್ಗದ ಕುಣಿಗೆ ಇಳಿದು ನೇಯುವುದು, ಹೆಂಗಸರು ರಾಟಿಯ ಮುಂದೆ ಕೂತು ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುವುದು ರೂಢಿ. ಕಂಡಿಕೆ ಸುತ್ತಿದ್ದಕ್ಕೆ ಬೇರೆ ಕೂಲಿಯಿಲ್ಲ, ಅದು ಗಂಡನ ಸೀರೆಯ ಕೂಲಿಯಲ್ಲೇ ಬಂತು ಎಂದು ಲೆಕ್ಕ.

"ಜಕಾರ್ಡ ಹೋದ್ರ ಮಗ್ಗಾನೂ ಹೋಗತೈತ್ರಿ ಅಕ್ಕಾರ. ಮಗ್ಗ ಹೋದಮ್ಯಾಲ ಕುಣಿ ಮುಚ್ಚಬೇಕು. ಕುಣಿ ಮುಚ್ಚಿದ ಮನಿಗೆ ಅವರು ಏನಂತ ಬರತಾರ?" ಎಂದಳು. "ನಾ ಹದಿನೈದ ವರ್ಷ ಕಂಡಿಕಿ ಸುತ್ತೇನಿ. ನನ್ನ ಹೆಸರಿಗೆ ಒಂದ ಪೈಸಾ ಬಂದಿಲ್ಲ. ಈಗ ಹಿಟ್ಟಿಗೂ ಇಲ್ಲ. ಮಾರದ ಏನ ಮಾಡ್ಲಿ?"

ಆಮೇಲೆ ಸೊಂಟದ ಚೀಲದಿಂದ ಗಂಡನ ಕಾಗದ ತೆಗೆದು ನನ್ನ ಮುಂದಿಟ್ಟಳು. ಅವಳಿಗೆ ಓದು ಬಾರದು, ಓದಿ ಹೇಳಿ ಎಂದಳು. ಓದಲು ಅದರಲ್ಲಿ ನಾಲ್ಕೇ ಸಾಲು. ಉಳಿದ ಜಾಗವನ್ನೆಲ್ಲ ಅವನು ಸಣ್ಣ ಸಣ್ಣ ಚೌಕ ಮಾಡಿ ತುಂಬಿದ್ದ. ಹತ್ತಿಯ ಕಾಯಿ ಬಿರಿದು ಅರಳೆ ಹೊರಗೆ ಇಣುಕುವ ಒಂದು ಬುಟ್ಟಾ. ಬರೆದರೆ ಹೀಗೆ ಬರೆಯಬೇಕು! ಮೂವತ್ತು ವರ್ಷ ಸೀರೆ ನೋಡಿದ ನನ್ನ ಕಣ್ಣಿಗೆ ಹೊಸದು ಕಂಡಿತ್ತು.

"ಜಕಾರ್ಡ ಮಾರಬ್ಯಾಡ. ಒಂದ ತಿಂಗಳ ತಡೀ" ಎಂದೆ. ಗುಜರಿ ಅಂದ ಬಾಯಿಂದಲೇ.

ಮರುವಾರ ಸವದತ್ತಿ, ಬೈಲಹೊಂಗಲ ದಾಟಿ ಹೋಗುವ ಬಸ್ಸು ಹಿಡಿದು ಜೈಲಿಗೆ ಹೋದೆ. ಅಧೀಕ್ಷಕರು ಕನ್ನಡಕದ ಮೇಲಿಂದ ನೋಡಿದರು.

"ಹೊರಗಿನ ಕೆಲಸಾನ್ರೀ? ಕೈದಿ ಹೊರಗ ಬರಂಗಿಲ್ಲ."

"ಕೈದಿ ಬರೂದ ಬ್ಯಾಡ್ರಿ. ಕಾಗದ ಬರ್ಲಿ ಸಾಕು" ಎಂದೆ.

ನಾನು ಮೇಜಿನ ಮೇಲೆ ಚೌಕದ ಹಾಳೆ ಹಾಸಿ ವಿವರಿಸಿದೆ. ಒಂದು ಅಡ್ಡಸಾಲಿಗೆ ನೂರಿಪ್ಪತ್ತು ಚೌಕ. ಒಂದೊಂದು ಚೌಕವೂ ಮಗ್ಗದ ಮೇಲಿನ ಜಕಾರ್ಡ್ ಪೆಟ್ಟಿಗೆಯ ಒಂದೊಂದು ಕೊಕ್ಕೆ. ಬಣ್ಣ ತುಂಬಿದ ಚೌಕವಿದ್ದಲ್ಲಿ ರಟ್ಟಿನ ಕಾರ್ಡಿಗೆ ತೂತು ಹೊಡೆಯುತ್ತೇವೆ, ತೂತು ಬಿದ್ದಲ್ಲಿ ನೂಲು ಮೇಲೇಳುತ್ತದೆ, ಹೂವು ಮೂಡುತ್ತದೆ. ಇವನು ಒಳಗೆ ಕೂತು ಚೌಕ ತುಂಬಿದರೆ ಸಾಕು. ತೂತು ಹೊಡೆಯುವುದು, ನೇಯುವುದು ರಾಮದುರ್ಗದಲ್ಲೇ ಆಗುತ್ತದೆ. ನಡುವೆ ಅಂಚೆ ಇದೆ.

ಅವರು ಹಾಳೆಯನ್ನು ಬಹಳ ಹೊತ್ತು ನೋಡಿದರು. "ಕೂಲಿ?" ಎಂದರು.

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಕೆಲಸ ಕೊಡುವುದೇ ದೊಡ್ಡ ಉಪಕಾರ ಎಂಬ ಠೇಂಕಾರದಲ್ಲಿ ಬಂದಿದ್ದೆ.

"ನೋಡ್ರಿ, ಜೈಲಿನ ಕೆಲಸಾ ಅಂದ್ರ ಅಗ್ಗ ಅಂತ ತಿಳದ ಬರತಾರ ಮಂದಿ. ಹೊರಗಿನವ್ರಿಗೆ ಏನ ಕೊಡತೀರಿ, ಇಂವಂಗ ಏನ ಕೊಡತೀರಿ, ಎರಡೂ ಒಂದ ಹಾಳ್ಯಾಗ ಬರದ ಕೊಡ್ರಿ. ನಾ ಮ್ಯಾಲಿನವ್ರಿಗೆ ಕಳಸತೇನಿ" ಎಂದರು. ಆ ಮಾತು ಆಗ ನನಗೆ ಚುಚ್ಚಿತು. ಈಗ ನೆನೆದರೆ ಅವರಿಗೆ ಕೈಮುಗಿಯಬೇಕು ಅನ್ನಿಸುತ್ತದೆ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ ಎಂದವರು ಅವರಲ್ಲದೆ ಬೇರೆ ಯಾರೂ ಇರಲಿಲ್ಲ.

ಆಡಳಿತ ಮಂಡಳಿ ಸಭೆ ಸೇರಿತು. ಅಧ್ಯಕ್ಷರು ಹಳೆಯ ಸಾಹುಕಾರ ಮನೆತನದವರು, ಮಾತು ಮೆದು, ಕೈ ಬಿಗಿ.

"ಅರ್ಧಾ ಕೊಡೂಣು. ಜೈಲಿನ್ಯಾಗ ಅಂವಂಗ ಊಟಾ ಪುಕ್ಕಟ, ಅರಿವಿ ಪುಕ್ಕಟ, ಬಾಡಿಗಿ ಇಲ್ಲ. ಮತ್ತ ಸತ್ತಾಂವನ ಹೆಂಡ್ತಿ ಇದ ಓಣ್ಯಾಗ ಅದಾಳ, ಅಕಿ ಮಾರಿ ನೋಡಬೇಕೋ ಬ್ಯಾಡೋ?"

ಕೊನೆಯ ಮಾತು ಇವತ್ತಿಗೂ ನನ್ನನ್ನು ಕಾಡುತ್ತದೆ. ಮೊದಲಿನ ಮಾತು ಮಾತ್ರ ನನಗೂ ಸರಿಯೆಂದೇ ಕಂಡಿತು. ಸುಳ್ಳೇಕೆ ಹೇಳಲಿ, ಅರ್ಧ ಎಂದು ಬರೆಯಲು ನಾನೇ ಪೆನ್ನು ತೆಗೆದಿದ್ದೆ. ಆಗ ಬಾಗಿಲ ಹತ್ತಿರ ಕೂತಿದ್ದ ಚಾಚಾ ಎದ್ದು ನಿಂತರು. ಅವರನ್ನು ಸಭೆಗೆ ಕರೆದದ್ದು ಹಾಳೆಗಳ ಅಳತೆ ಕೇಳಲು ಅಷ್ಟೇ.

"ಪೂರಾ ಕೊಡ್ರಿ" ಎಂದರು.

"ಅಲ್ಲ ಚಾಚಾ, ನಿಮಗ್ಯಾಕ ಅವನ ಉಸಾಬರಿ? ನಿಮ್ಮ ಕೆಲಸಾ ಕಸಗೊಳ್ಳಾಂವ ಅಂವ" ಎಂದು ಅಧ್ಯಕ್ಷರು ನಕ್ಕರು.

"ಅರೇ, ಅದಕ್ಕಽ ಹೇಳಾಕ ಹತ್ತೇನಿ. ಅಂವಂಗ ಅರ್ಧಾಕ್ಕ ಬರಸಾಕ ಹತ್ತಿದ್ರ, ನಾಳೆ ನನ್ನ ಕಣ್ಣ ನೆಟ್ಟಗಾದಮ್ಯಾಲ ನನಗ ಪೂರಾ ಯಾಕ ಕೊಡತೀರಿ? 'ಜೈಲಿನಾಂವ ಅರ್ಧಾಕ್ಕ ಬರೀತಾನ, ನೀನೂ ಬರಿ' ಅಂತೀರಿ. ಅವನ ಹೊಟ್ಟಿ ಮ್ಯಾಲ ಹೊಡದ ಕಲ್ಲ ನನ್ನ ಹೊಟ್ಟಿಗೇ ಬಂದ ಬೀಳತೈತಿ. ನಕ್ಷಿಗೆ ಕೂಲಿ ಕೊಡತೀರೋ, ಮನಷ್ಯಾ ಎಲ್ಲಿ ಕುಂತಾನ ಅಂತ ನೋಡಿ ಕೂಲಿ ಕೊಡತೀರೋ?"

ಆ ಮನುಷ್ಯ ದಯೆಯ ಮಾತಾಡಲಿಲ್ಲ, ತನ್ನ ಹೊಟ್ಟೆಯ ಮಾತಾಡಿದರು. ದಯೆಯಿಂದ ಆಡಿದ್ದರೆ ಅಧ್ಯಕ್ಷರು ಒಂದು ಗಾದೆ ಹೇಳಿ ತಳ್ಳಿಹಾಕುತ್ತಿದ್ದರು. ನಾನು ಹಾಳೆಯಲ್ಲಿ ಎರಡು ಕಡೆಯೂ ಒಂದೇ ದರ ಬರೆದೆ. ಕಾರ್ಡಿಗೆ ಇಷ್ಟು ಎಂದು ಚಾಚಾಗೆ ಕೊಡುವ ದರವನ್ನೇ. ಅಧ್ಯಕ್ಷರು ಮುಖ ಹುಳ್ಳಗೆ ಮಾಡಿಕೊಂಡು ಸಹಿ ಹಾಕಿದರು.

ಅನುಮತಿ ಬರಲು ಎರಡು ತಿಂಗಳು ಹಿಡಿಯಿತು. ಜೊತೆಗೆ ಷರತ್ತುಗಳು ಬಂದವು. ಹಾಳೆಗಳಿಗೆ ಕ್ರಮಸಂಖ್ಯೆ ಹಾಕಿರಬೇಕು, ಹೋದಷ್ಟೂ ವಾಪಸ್ ಬರಬೇಕು. ಕಬ್ಬಿಣದ ಪಟ್ಟಿ, ಕೈವಾರ, ಬ್ಲೇಡು ನಡೆಯುವುದಿಲ್ಲ. ಬಟ್ಟೆ, ನೂಲು ಒಳಗೆ ಬಿಡುವುದಿಲ್ಲ. ಹೊರಬರುವ ಪ್ರತಿ ಹಾಳೆಯನ್ನೂ ಪರಿಶೀಲಿಸಿ ಮುದ್ರೆ ಒತ್ತಲಾಗುವುದು. ಕೂಲಿ ಜೈಲಿನಲ್ಲಿರುವ ಅವನ ಖಾತೆಗೆ ಹೋಗಿ, ಅವನು ಬರೆದುಕೊಟ್ಟಷ್ಟು ಮನೆಗೆ ಮನಿಯಾರ್ಡರ್ ಆಗುವುದು. ಕೊನೆಯ ಸಾಲನ್ನು ಓದಿಹೇಳಿದಾಗ ಅವನ ಹೆಂಡತಿ, "ಇನ್ನೊಮ್ಮೆ ಓದ್ರಿ" ಎಂದಳು.

ಹಾಳೆ, ಕೆಂಪು ಪೆನ್ಸಿಲ್, ಜಾಂಬಳಿ ಅಂದರೆ ನೇರಳೆ ಬಣ್ಣದ ಪೆನ್ಸಿಲ್ ಕಳಿಸಿದೆ. ನಮ್ಮಲ್ಲಿ ಕೆಂಪೆಂದರೆ ಮೊದಲನೆಯ ಲಾಳಿ, ಜಾಂಬಳಿಯೆಂದರೆ ಎರಡನೆಯ ಲಾಳಿ. ಸೆರಗಿಗೆ ಎರಡು ಬಣ್ಣದ ನೂಲು ಬೇಕಾದರೆ ಹಾಗೆ ಬರೆಯುತ್ತಾರೆ. ಈ ಸಲದ ಸೆರಗಿಗೆ ಕೆಂಪೊಂದೇ ಸಾಕು, ಮುಂದಿನ ಸಲಕ್ಕೆ ಇರಲಿ ಎಂದು ಜಾಂಬಳಿಯನ್ನೂ ಇಟ್ಟಿದ್ದೆ. ಅವನು ಕಸಬರಿಗೆಯ ಕಡ್ಡಿಯನ್ನು ಪಟ್ಟಿ ಮಾಡಿಕೊಂಡಿದ್ದನಂತೆ. ಪೆನ್ಸಿಲನ್ನು ಕಲ್ಲಿಗೆ ತಿಕ್ಕಿ ಚೂಪು ಮಾಡುತ್ತಿದ್ದನಂತೆ.

ಇತ್ತ ಅವನ ಹೆಂಡತಿ ಇನ್ನೊಂದು ಕೆಲಸ ಮಾಡಿದಳು. ಪಕ್ಕದ ಓಣಿಯ ನೇಕಾರ ಮುದುಕಿಯೊಬ್ಬಳ ಕಾಲು ಹಿಡಿದು ನೇಯ್ಗೆ ಕಲಿತು ಮಗ್ಗಕ್ಕೆ ಇಳಿದಳು. "ಅವರ ನಕ್ಷಿ ಬ್ಯಾರೇದವ್ರ ಮಗ್ಗದಾಗ ಯಾಕ ನೇಯಬೇಕು? ಕುಣಿ ಇದ್ದದ್ದು ಐತಿ, ಕಾಲ ನನಗೂ ಅದಾವ" ಎಂದಳು. ಗಂಡನಿಗೆ ಹೇಳಬೇಡಿ ಎಂದು ನನ್ನಿಂದ ಮಾತು ತೆಗೆದುಕೊಂಡಳು. ಚಂದ ನೇಯಲು ಬಂದ ಮೇಲೆ ತಾನೇ ಹೇಳುತ್ತಾಳಂತೆ.

ಮೊದಲ ನಕ್ಷೆ ಮೂರು ಹಾಳೆಗಳಲ್ಲಿ ಬಂತು. ಅಂದೇ ನಾನು ಕಿತ್ತೂರಿಗೆ ಹೊರಟಿದ್ದೆ. ಬೈಲಹೊಂಗಲದ ವ್ಯಾಪಾರಿಯ ತಮ್ಮನ ಅಂಗಡಿ ಅಲ್ಲಿತ್ತು. ಬಸ್ಸಿನ ಗಡಿಬಿಡಿಯಲ್ಲಿ ಲಕೋಟೆ ಒಡೆದೆ, ಹತ್ತಿಕಾಯಿ ಕಂಡಿತು, ಖುಷಿಯಾಯಿತು, ಹಾಳೆಗಳನ್ನು ಅಲ್ಲಿಗಲ್ಲಿಗೇ ಮಡಚಿ ಚಾಚಾನ ಮನೆಗೆ ಕಳಿಸಿದೆ. ಬಿಡಿಸಿ ಪೂರಾ ನೋಡಲಿಲ್ಲ. ನಕ್ಷೆ ನೋಡಿ ಪಾಸು ಮಾಡುವುದು ಕಾರ್ಯದರ್ಶಿಯ ಕೆಲಸ. ನಾನು ಮಾಡಲಿಲ್ಲ.

ಚಾಚಾನ ಮನೆಯಲ್ಲಿ ತೂತು ಹೊಡೆಯುವ ರೀತಿಯೇ ಬೇರೆ. ಅವರು ಎರಡು ಉಕ್ಕಿನ ಫಲಕದ ನಡುವೆ ಕಾರ್ಡು ಇಟ್ಟು ಸುತ್ತಿಗೆ ಹಿಡಿದು ಕೂರುತ್ತಾರೆ. ಎದುರಿಗೆ ಅವರ ಹೆಂಡತಿ ಚಾಚಿ ಹಾಳೆ ಹಿಡಿದು ಓದುತ್ತಾರೆ, "ಮೂರ ಬಿಡು, ಎರಡ ಹೊಡಿ, ಒಂದ ಬಿಡು, ನಾಕ ಹೊಡಿ." ಚಾಚಾ ನಕ್ಷೆ ನೋಡುವುದೇ ಇಲ್ಲ, ಕೇಳಿಸಿಕೊಂಡು ಹೊಡೆಯುತ್ತಾರೆ. ಚಾಚಿ ನಕ್ಷೆಯಲ್ಲಿ ಏನಿದೆಯೆಂದು ಯೋಚಿಸುವುದಿಲ್ಲ, ಬಣ್ಣ ಕಂಡ ಚೌಕ ಎಣಿಸುತ್ತಾರೆ. ಓದುವವರು ವಿಚಾರ ಮಾಡಿದರೆ ಕಾರ್ಡು ಕೆಟ್ಟಿತು ಎಂಬುದು ಆ ಕಸುಬಿನ ಮಾತು.

ಹದಿನೈದು ದಿನಕ್ಕೆ ಅವನ ಹೆಂಡತಿ ತನ್ನ ಜೀವನದ ಮೊದಲ ಸೀರೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಕಚೇರಿಗೆ ಬಂದಳು. ಮುಖ ಬೆಳಗುತ್ತಿತ್ತು. ನಾನು ಸೆರಗು ಬಿಚ್ಚಿದೆ. ಕೆಂಪು ಹತ್ತಿಕಾಯಿಗಳ ನಡುವೆ ಜಾಂಬಳಿ ಬಣ್ಣದ ಗುಂಡನೆಯ ಬೊಟ್ಟುಗಳು, ನಾಲ್ಕಾಣೆಯಷ್ಟು ಗಾತ್ರ, ಸೆರಗಿನ ಈ ಅಂಚಿನಿಂದ ಆ ಅಂಚಿನವರೆಗೆ ಮೂರು ಸಾಲು. ಒಳಗೆ ಏನೇನೋ ಕಲೆ.

"ಇದೇನವಾ ಇದು?"

"ಚಂದ್ರಾಮ ಅಲ್ಲೇನ್ರಿ? ಒಳಗ ನೋಡ್ರಿ, ಮೊಲಾನೂ ಐತಿ. ನನಗಂತ ಬರದಾರ ಅಂತ ತಿಳದೆ" ಎಂದಳು. ಹೇಳುವಾಗ ತಲೆ ತಗ್ಗಿಸಿದಳು.

ನಾನು ಚಾಚಾನ ಮನೆಗೆ ಓಡಿದೆ. ಹಾಳೆಗಳನ್ನು ಬೆಳಕಿಗೆ ಹಿಡಿದೆ. ಮೂರರ ನಡುಮಧ್ಯದಲ್ಲೂ ಜೈಲಿನ ಗುಂಡು ಮುದ್ರೆ, 'ಪರಿಶೀಲಿಸಲಾಗಿದೆ' ಎಂದು, ಜಾಂಬಳಿ ಶಾಯಿಯಲ್ಲಿ. ಚಾಚಿ ಅದನ್ನು ಎರಡನೆಯ ಲಾಳಿ ಎಂದು ಓದಿದ್ದರು, ಚಾಚಾ ಹೊಡೆದಿದ್ದರು.

"ನಾನೂ ಕೇಳಿದೆ, ನಡುವ ಇದೇನ ಗುಂಡಗ ಬರಾಕ ಹತ್ತೇತಿ ಅಂತ" ಎಂದರು ಚಾಚಾ. "ಇಕಿ ಅಂದ್ಲು, ಒಳಗ ಕುಂತ ಮನಷ್ಯಾ ಚಂದ್ರನ್ನ ನೆನಸ್ಯಾನ, ಬರೀಲಿ ಬಿಡು ಅಂತ."

ಮೊದಲು ನಗು ಬಂತು. ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ, ಚಾಚಿಯೂ ಬಾಯಿಗೆ ಸೆರಗು ಹಚ್ಚಿ ನಕ್ಕರು. ಹೊರಗೆ ಬಂದು ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ನಗು ಇಳಿಯಿತು. ಕಾರ್ಡುಗಳು ದಂಡ, ನೂಲು ದಂಡ, ವ್ಯಾಪಾರಿಯ ಗಡುವು ಹತ್ತಿರ. ಆ ವ್ಯಾಪಾರಿಗೆ ತೋರಿಸಿದರೆ, "ಯವ್ವಾ, ಇದನ್ನ ಉಟ್ಟ ಹೆಣ್ಮಗಳ್ನ ಪೊಲೀಸರು ಸೀದಾ ಒಳಗ ಒಯ್ತಾರ" ಎಂದು ಕೈ ಜಾಡಿಸಿದರು.

ಅಧ್ಯಕ್ಷರು ಆ ಸಂಜೆಯೇ ಕಚೇರಿಗೆ ಬಂದರು. "ನಾ ಹೇಳಿರಲಿಲ್ಲೇನು? ಅವನ ಕೂಲಿಯಾಗ ಹಿಡೀರಿ. ಅಕಿ ಕೂಲಿಯಾಗೂ ಹಿಡೀರಿ. ಕಣ್ಣಿದ್ದಾಕಿ ನೋಡಿ ನೇಯಬೇಕಿಲ್ಲೋ?"

ಕೂಲಿ ಹಿಡಿದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಮನಿಯಾರ್ಡರ್ ಬರುವುದಿಲ್ಲ, ಅವಳು ಜಕಾರ್ಡ್ ಇಳಿಸುತ್ತಾಳೆ, ಕುಣಿಗೆ ಮಣ್ಣು ಬೀಳುತ್ತದೆ. ಜೈಲಿನವರು ಹೇಳಿದ 'ಅಗ್ಗ' ಎಂಬ ಮಾತೂ ನಿಜವಾಗುತ್ತದೆ. ತಪ್ಪು ಯಾರದೋ ಇರಲಿ, ಕೊನೆಗೆ ಹಿಡಿಯುವುದು ಎದ್ದು ಬಂದು ಕೇಳಲಾರದವನ ಕೂಲಿಯನ್ನೇ.

"ಹಿಡೀಬೇಕಾದ್ರ ನನ್ನ ಪಗಾರದಾಗ ಹಿಡೀರಿ" ಎಂದೆ. "ಹಾಳಿ ಬಂದದ್ದು ನನ್ನ ಕೈಯಾಗ. ಬಿಚ್ಚಿ ನೋಡಲಾರದ ಕಳಿಸಿದಾಕಿ ನಾನು. ಮುದ್ರಿ ಒತ್ತತೇವಿ ಅಂತ ಅವರು ಮೊದಲಽ ಬರದಿದ್ರು, ಅದನ್ನೂ ಓದಿದಾಕಿ ನಾನಽ. ಆ ಇಬ್ಬರಿಗೂ ಪೂರಾ ಕೂಲಿ ಹೋಗಬೇಕು. ಈ ಸೀರಿ ನನಗಿರಲಿ."

ಅಧ್ಯಕ್ಷರು ನನ್ನನ್ನು ಹುಚ್ಚಿಯನ್ನು ನೋಡಿದಂತೆ ನೋಡಿದರು. "ತಗೋರಿ, ಉಟ್ಕೊಂಡ ಅಡ್ಯಾಡ್ರಿ" ಎಂದರು ಅಣಕಿಸಿ.

ಅವರು ಅಂದದ್ದು ನನಗೆ ಉಪಯೋಗಕ್ಕೆ ಬಂತು. ನಕ್ಷೆಯಲ್ಲಿ ಇನ್ನೊಂದು ಕೊರತೆ ಇತ್ತು, ಕಾಗದದ ಮೇಲೆ ಉದ್ದವಾಗಿ ನಿಂತಿದ್ದ ಹತ್ತಿಕಾಯಿ ಸೆರಗಿನಲ್ಲಿ ಒತ್ತಿಕೊಂಡು ಕುಳ್ಳಗಾಗಿತ್ತು. ಎಷ್ಟು ಒತ್ತಿದೆ ಎಂದು ಬರೆದವನು ಬಟ್ಟೆ ನೋಡದೆ ತಿದ್ದಲಾರ. ಬಟ್ಟೆಯನ್ನೋ ಒಳಗೆ ಬಿಡುವುದಿಲ್ಲ. ಆದರೆ ಭೇಟಿಗೆ ಹೋದ ಹೆಂಗಸು ಉಟ್ಟ ಸೀರೆಯನ್ನು ಯಾರು ತಡೆದಾರು? ನಾನು ಅದನ್ನೇ ಉಟ್ಟುಕೊಂಡು ಹೊರಟೆ.

ಅವತ್ತು ಹುಣ್ಣಿಮೆ ಎಂಬುದು ನೆನಪಿರಲಿಲ್ಲ. ಸವದತ್ತಿಯಲ್ಲಿ ದೇವಿಯ ಗುಡ್ಡಕ್ಕೆ ಹೋಗಿ ಬಂದವರು, ಉಗರಗೋಳದ ಬಳೆ ಕುಂಕುಮ ಮಾರುವವರು ಬಸ್ಸಿಗೆ ಮುಗಿಬಿದ್ದರು. ಪಕ್ಕದಲ್ಲಿ ಕೂತ ಅಜ್ಜಿ ನನ್ನ ಸೆರಗನ್ನು ಕೈಯಲ್ಲಿ ಹಿಡಿದು ನೋಡಿದಳು. "ಯವ್ವಾ, ಹುಣ್ಣಿವಿಗೆ ಚಂದ್ರಾಮನ ಸೆರಗ ಹೊತ್ತಿಯಲ್ಲ, ಎಲ್ಲಿ ತಗೊಂಡಿ?" ಎಂದಳು. ಜೈಲಿನದು ಎಂದು ಹೇಗೆ ಹೇಳಲಿ? "ನಮ್ಮೂರಾಗ ಮಾಡಿದ್ದು ಅಜ್ಜಿ" ಎಂದೆ.

ಜೈಲಿನ ಗುಮಾಸ್ತರು ಸಂಗೊಳ್ಳಿಯ ಕಡೆಯ ರೈತರ ಮಗ. ಕೆಲಸದಲ್ಲಿ ಕಟ್ಟುನಿಟ್ಟು. ಅವರ ಮೇಜಿನ ಮೇಲೆ ಸೆರಗು ಹರಡಿ, "ಇದು ಯಾರ ಕೈಚಳಕ ಗುರ್ತ ಹಿಡೀರಿ" ಎಂದೆ. ಅವರು ಬಾಗಿ ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು.

"ಅಯ್ಯ ಶಿವನ! ನಮ್ಮ ಮುದ್ರಿ!"

"ಹಾಳಿ ಹಿಂದ ಒತ್ತಿದ್ರ ಆಗಂಗಿಲ್ಲೇನ್ರಿ?"

"ಹಿಂದ ಒತ್ತಿದ್ರ ಮುಂದ ನೋಡೇವಿ ಅನ್ನೂದಕ್ಕ ಏನ ಪುರಾವೆ? ಅದೇನ ನಡಿಯಂಗಿಲ್ಲ ಬಿಡ್ರಿ" ಎಂದರು. ಆಮೇಲೆ ತಲೆ ಕೆರೆದುಕೊಂಡು, "ನೀವ ಹಾಳಿ ಕಳಸುವಾಗ ಅಂಚಿನ್ಯಾಗ ನನಗೊಂದ ಮನಿ ಕಟ್ಟಿಕೊಡ್ರಿ. ಅದರಾಗ ಒತ್ತತೇನಿ. ಆಚೆ ಈಚೆ ಆದ್ರ ಕೇಳ್ರಿ" ಎಂದರು. ಅವತ್ತಿನಿಂದ ಪ್ರತಿ ಹಾಳೆಯ ಅಂಚಿನಲ್ಲಿ ನಾನೊಂದು ಖಾಲಿ ಚೌಕ ಎಳೆದು ಕಳಿಸುತ್ತಿದ್ದೆ. ಅಷ್ಟು ವರ್ಷದಲ್ಲಿ ಒಂದು ಸಲವೂ ಅವರ ಮುದ್ರೆ ಆ ಗೆರೆ ದಾಟಲಿಲ್ಲ.

ಜಾಳಿಗೆಯ ಆಚೆ ಅವನು ಬಂದು ನಿಂತ. ಬಡವಾಗಿದ್ದ. ನನಗೆ ನಮಸ್ಕಾರ ಮಾಡಿದವನ ಕಣ್ಣು ಅಲ್ಲೇ ಸೆರಗಿಗೆ ಇಳಿಯಿತು. ನಾನು ಎರಡೂ ಕೈಯಿಂದ ಸೆರಗನ್ನು ಜಾಳಿಗೆಗೆ ಹತ್ತಿರ ಹಿಡಿದೆ. ಅವನು ಬೆರಳು ಮುಂದೆ ಚಾಚಿ, ಮುಟ್ಟಲು ಬರುವುದಿಲ್ಲವೆಂದು ನೆನಪಾಗಿ, ಗಾಳಿಯಲ್ಲೇ ಎಣಿಸಿದ.

"ಕಾಯಿ ಒತ್ತಿ ಹೋಗೇತ್ರಿ ಅಕ್ಕಾರ. ಇದೇನ ಜಾಂಬಳೀದು? ನಾ ಬರದಿಲ್ಲಲ್ಲ."

ಮುದ್ರೆಯ ಕಥೆ ಹೇಳಿದೆ. ಅವನು ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ, ಮತ್ತೂ ಹತ್ತಿರ ಬಾಗಿದ.

"ಛಲೋ ಆತ್ರಿ" ಎಂದ. "ಮುದ್ರಿ ಖರೇ ಗುಂಡಗಿರತೈತಿ ಹೌದಿಲ್ಲೋ? ಇಲ್ಲಿ ತತ್ತಿ ಅಡ್ಡ ಮಲಗಿಸಿದಂಗ ಆಗೇತಿ. ಅಂದ್ರ ಎಷ್ಟ ಒತ್ತೇತಿ ಅಂತ ಇದರಾಗಽ ಸಿಕ್ತು. ನಾಕ ಸಾಲಿಗೆ ಒಂದ ಸಾಲ ಹೆಚ್ಚ ಹಾಕಿ ಬರದ್ರ ಕಾಯಿ ಎದ್ದ ನಿಂದರತೈತಿ."

ನಾನು ಪಗಾರ ತೆತ್ತು ಕೊಂಡ ತಪ್ಪಿನಲ್ಲಿ ಅವನಿಗೆ ಅಳತೆಗೋಲು ಸಿಕ್ಕಿತ್ತು. ಅಷ್ಟರಲ್ಲಿ ಅವನು ಹುಬ್ಬು ಗಂಟಿಕ್ಕಿದ.

"ನಮ್ಮ ಕಡೆ ಎಳಿಗೆ ಎಳಿ ಒತ್ತಿ ಇಷ್ಟ ಬಿಗಿ ಹೊಡಿಯಾವ್ರು ಯಾರೂ ಇಲ್ಲ. ಇದನ್ನ ಯಾರ ನೇಯ್ದಾರ್ರಿ?"

ಅವಳಿಗೆ ಕೊಟ್ಟ ಮಾತು ನಾಲಿಗೆಯ ತುದಿಯಲ್ಲಿ ಅಡ್ಡ ನಿಂತಿತು. ಆದರೆ ಕೈ ಯಾರದೆಂದು ತಿಳಿಯದೆ ನಕ್ಷೆ ಹೇಗೆ ಬರೆದಾನು? "ನಿನ್ನ ಹೆಂಡ್ತಿ" ಎಂದೆ. "ಕುಣಿಗೆ ಇಳದಾಳ. ಇದ ಮೊದಲನೇ ಸೀರಿ."

ಅವನು ಜಾಳಿಗೆ ಹಿಡಿದು ನಿಂತ. ಕಣ್ಣಲ್ಲಿ ನೀರು ತುಂಬಿ ಗಡ್ಡಕ್ಕೆ ಇಳಿಯಿತು, ಒರೆಸಿಕೊಳ್ಳಲಿಲ್ಲ.

"ಹಂಗಾದ್ರ ನಾಕಕ್ಕ ಒಂದ ಬ್ಯಾಡ್ರಿ, ಮೂರಕ್ಕ ಒಂದ ಹಾಕತೇನಿ" ಎಂದ. "ಕಲತಂಗ ಅಕಿ ಕೈ ಇನ್ನಾ ಬಿಗಿ ಆಗತೈತಿ."

ವಾಪಸ್ ಬರುವಾಗ ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಅಳುವುದು ನನ್ನ ಜಾಯಮಾನವಲ್ಲ, ಆದರೂ ಅತ್ತೆ. ಊರಿಗೆ ಬಂದು ಅವಳಿಗೆ ಹೇಳಿದಾಗ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು, ಮೂರನೆಯ ದಿನ ಬಂದು, "ಬಿಗಿ ಅಂದ್ರೋ, ಛಲೋ ಅಂದ್ರೋ?" ಎಂದು ಕೇಳಿದಳು. ಎರಡೂ ಅಂದರು ಎಂದೆ.

ತಿದ್ದಿದ ನಕ್ಷೆ ಹತ್ತು ದಿನಕ್ಕೆ ಬಂತು. ಈ ಸಲ ಮೇಜಿನ ಮೇಲೆ ಪೂರಾ ಹರಡಿ, ಚೌಕಕ್ಕೆ ಚೌಕ ನೋಡಿದ ಮೇಲೆಯೇ ಚಾಚಿಯ ಕೈಗೆ ಕೊಟ್ಟೆ. ಗಡುವಿಗೆ ಎಂಟು ದಿನ ತಡವಾಯಿತು. ಬೈಲಹೊಂಗಲದ ವ್ಯಾಪಾರಿ ಗೊಣಗಿದರು, ದರದಲ್ಲಿ ಜಗ್ಗಾಡಿದರು, ಕೊನೆಗೆ ಹತ್ತಿಕಾಯಿ ಸೆರಗನ್ನು ಬೆಳಕಿಗೆ ಹಿಡಿದು, "ಇದನ್ನ ಬರದಾಂವ ಬ್ಯಾರೇದವ್ರ ಕೈಯಾಗ ಸಿಗದಂಗ ನೋಡ್ಕೋರಿ" ಎಂದರು. ಅವರಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಹೊರಡುವುದಿಲ್ಲ. ಮೊದಲ ಮನಿಯಾರ್ಡರ್ ಬಂದ ದಿನ ಅವಳು ಅಂಚೆಯವನ ಮುಂದೆ ಹೆಬ್ಬೆಟ್ಟು ಒತ್ತಿ, ಸೀದಾ ಬಡಿಗನ ಮನೆಗೆ ಹೋಗಿ ಮಗ್ಗದ ಮುರಿದ ಕಾಲುಮಣೆ ರಿಪೇರಿ ಮಾಡಿಸಿದಳು.

ಆಮೇಲೆ ಹನ್ನೆರಡು ಹದಿಮೂರು ವರ್ಷ ಹಾಳೆಗಳು ಹೋದವು, ಬಂದವು. ಚಾಚಾನ ಕಣ್ಣಿನ ಆಪರೇಷನ್ ಆಯಿತು, ಅವರಿಗೂ ಕೆಲಸ ಕಡಿಮೆಯಾಗಲಿಲ್ಲ. ದರ ಹೆಚ್ಚಿಸುವಾಗಲೆಲ್ಲ ಇಬ್ಬರಿಗೂ ಒಟ್ಟಿಗೇ ಹೆಚ್ಚಿಸಿದೆವು, ಅದನ್ನು ಚಾಚಾ ಬಾಗಿಲ ಬಳಿ ಕೂತು ನೋಡಿಕೊಂಡರು. ಜೈಲಿನಲ್ಲಿ ಅಧೀಕ್ಷಕರು ಬದಲಾದರು, ಹೊಸಬರು ಬಂದಾಗಲೆಲ್ಲ ಗುಮಾಸ್ತರೇ ಹಳೆಯ ಅನುಮತಿಪತ್ರ ತೆಗೆದು ತೋರಿಸಿ ಕೆಲಸ ನಿಲ್ಲದಂತೆ ಕಾಯ್ದರು. ಇವರ್ಯಾರಿಗೂ ನಾನು ಆಗ ಸರಿಯಾಗಿ ಧನ್ಯವಾದ ಹೇಳಲಿಲ್ಲ. ಜಗಳವಾಡಲು ಬರುವಷ್ಟು ಚೆನ್ನಾಗಿ ಉಪಕಾರ ನೆನೆಯಲು ನನಗೆ ಬರುತ್ತಿರಲಿಲ್ಲ. ಇದನ್ನು ಬರೆಯಲು ಕೂತದ್ದು ಆ ಋಣಕ್ಕೆ.

ಒಳ್ಳೆಯ ನಡತೆಯ ಮೇಲೆ ಅವನ ಬಿಡುಗಡೆಯಾದ ದಿನ ಅವನು ಮೊದಲು ಬಂದದ್ದು ಕಚೇರಿಗೆ. ಕೂದಲು ಪೂರಾ ಬೆಳ್ಳಗಾಗಿತ್ತು. ಬಗಲಲ್ಲಿ ಒಂದು ಕಟ್ಟು.

"ಉಳದ ಹಾಳಿ ಅದಾವ್ರಿ ಅಕ್ಕಾರ. ನಂಬರ ನೋಡಿ ತಗೋರಿ" ಎಂದ.

"ಮೊದಲ ಮನಿಗೆ ಹೋಗೋ ಮಾರಾಯಾ!" ಎಂದು ಬೈದೆ. ಕಾಲು ಏಳುತ್ತಿಲ್ಲ ಎಂದ. ತನ್ನ ಮನೆಗೆ ಹೋಗಲು ಸತ್ತವನ ಮನೆಯ ಮುಂದೆಯೇ ಹಾಯಬೇಕಿತ್ತು. ನಾನು ಜೊತೆಗೆ ನಡೆದೆ. ಆ ಮನೆಯ ಬಾಗಿಲು ಮುಚ್ಚಿತ್ತು. ಅವನು ಅಲ್ಲಿ ನಿಂತು, ಚಪ್ಪಲಿ ಕಳಚಿ, ತಲೆ ಬಗ್ಗಿಸಿ ಮುಂದೆ ಬಂದ.

ಅವನ ಮನೆಯೊಳಗಿಂದ ಮಗ್ಗದ ಸದ್ದು ಬರುತ್ತಿತ್ತು. ಅವಳು ಕುಣಿಯಲ್ಲಿದ್ದಳು. ನಮ್ಮನ್ನು ನೋಡಿದಳು, ಲಾಳಿ ನಿಲ್ಲಿಸಲಿಲ್ಲ.

"ಬಂದ್ರಿ? ಕುಂಡ್ರಿ. ಸೆರಗ ಮುಗಿಯಾಕ ಬಂದೈತಿ. ನಡುವ ಎದ್ರ ಗೆರಿ ಬೀಳತೈತಿ" ಎಂದಳು. ಅವನು ಗೋಡೆಗೆ ಒರಗಿ ನಿಂತು ಮೇಲಿನ ಜಕಾರ್ಡ್ ನೋಡಿದ, ಕೆಳಗಿನ ಕುಣಿ ನೋಡಿದ. ಎಲ್ಲವೂ ಇದ್ದಲ್ಲೇ ಇತ್ತು.

ಸೆರಗು ಮುಗಿದ ಮೇಲೆ ಅವಳು ಮೇಲೆ ಬಂದು, ಕಣ್ಣೊರೆಸಿಕೊಂಡು, "ಮುಂದಿನ ಸೀರಿ ನೀವ ಹಿಡೀರಿ. ನಿಮ್ಮ ಮಗ್ಗ" ಎಂದಳು. ಅವನು ಕುಣಿಗೆ ಇಳಿದ. ಬುಟ್ಟಾದ ಹತ್ತು ಎಳೆ ಹೊಡೆದ. ಬಾಗಿ ನೋಡಿದ, ಬೆರಳಿಟ್ಟು ಅಳೆದ, ಒಂದೊಂದೇ ಎಳೆ ಬಿಚ್ಚಿ ತೆಗೆದು ಮೇಲೆ ಬಂದುಬಿಟ್ಟ.

"ನನ್ನ ಕೈ ಸಡ್ಲ. ಹೂವ ಜೋಲತಾವ" ಎಂದ. "ಇಷ್ಟ ವರ್ಷದ ನಕ್ಷೆಲ್ಲಾ ನಿನ್ನ ಕೈಗೆ ಬರದದ್ದು. ಇದಕ್ಕ ನೀನಽ ಬೇಕು."

ಅವಳು ಮೂಲೆಯ ರಾಟಿಯ ಕಡೆ ಕೈ ತೋರಿಸಿ, "ಹಂಗಾರ ಕುಂಡ್ರಿ, ಕಂಡಿಕಿ ಸುತ್ರಿ. ಜಾಂಬಳಿ ನೂಲ ಮುಗದೈತಿ" ಎಂದಳು.

ಅವನು ರಾಟಿಯ ಮುಂದೆ ಕೂತ. ನಾನು ಹೊರಡಲೆಂದು ಹೊಸ್ತಿಲ ಹತ್ತಿರ ಬಂದಿದ್ದೆ. ಅವಳು ಕುಣಿಯಿಂದಲೇ ಕೂಗಿದಳು.

"ಅಕ್ಕಾರ, ಈ ತಿಂಗಳದಿಂದ ನಮ್ಮ ಮನ್ಯಾಗ ಕಂಡಿಕಿ ಸುತ್ತಾವ್ರಿಗೂ ಬ್ಯಾರೆ ಕೂಲಿ ಬರ್ಕೋರಿ. ಪೂರಾ ಬರ್ಕೋರಿ ಮತ್ತ, ಅರ್ಧಾ ಅಲ್ಲ."

ಬರೆದುಕೊಂಡೆ.